ಮದುವೆ ದಾಖಲೆಯ ನಕಲು: ಮೊದಲು ಪುಸ್ತಕ ಯಾವುದು ಅಂತ ತಿಳಿಯಿರಿ

ಕೊಡಗಿನ ಮಳೆಗಾಲಕ್ಕೂ ಕಾಗದಕ್ಕೂ ಆಗಿಬರುವುದಿಲ್ಲ. ನಮ್ಮ ದೊಡ್ಡಮ್ಮನ ಮದುವೆ ಪ್ರಮಾಣಪತ್ರ ಅಟ್ಟದ ಪೆಟ್ಟಿಗೆಯಲ್ಲಿತ್ತು. ದೊಡ್ಡಪ್ಪ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗೆ ಅಂತ ತೆಗೆದು ನೋಡಿದರೆ ಪೂರ್ತಿ ಬೂಷ್ಟು. ಅರ್ಧ ಸೀಲು ಬಿಟ್ಟರೆ ಬೇರೇನೂ ಓದೋಕೆ ಆಗುತ್ತಿರಲಿಲ್ಲ. ಆಗ ಅವರ ಜೊತೆ ಓಡಾಡಿ ಕಲಿತದ್ದನ್ನು, ಆಮೇಲೆ ಕಾಯ್ದೆ ಪುಸ್ತಕದಲ್ಲಿ ಓದಿದ್ದನ್ನು ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ನಮ್ಮ ಕೈಗೆ ಸಿಗುವುದು ನಕಲು. ಮೂಲ ಇರುವುದು ಒಂದು ರಿಜಿಸ್ಟರ್ ಪುಸ್ತಕದಲ್ಲಿ. ಹಾಗಾಗಿ 'ಪ್ರಮಾಣಪತ್ರ ಎಲ್ಲಿ ಕೊಡ್ತಾರೆ' ಅಂತ ಕೇಳುವ ಮೊದಲು 'ಈ ಮದುವೆ ಯಾವ ಪುಸ್ತಕದಲ್ಲಿದೆ' ಅಂತ ಕೇಳಬೇಕು. ಅದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಹಿಂದೂ ವಿವಾಹ ಕಾಯ್ದೆ ಬಂದದ್ದು 1955ರಲ್ಲಿ. ಆಗ ಕೊಡಗು ಇನ್ನೂ ಬೇರೆಯೇ ರಾಜ್ಯ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಈ ಕಾಯ್ದೆಯ 8ನೇ ಕಲಮನ್ನು ಗಮನವಿಟ್ಟು ಓದಿ. ಹಿಂದೂ ವಿವಾಹ ರಿಜಿಸ್ಟರ್ ಸೂಕ್ತ ಸಮಯದಲ್ಲಿ ನೋಡುವುದಕ್ಕೆ ತೆರೆದಿರಬೇಕು, ಅರ್ಜಿ ಕೊಟ್ಟು ಶುಲ್ಕ ಕಟ್ಟಿದವರಿಗೆ ದೃಢೀಕೃತ ನಕಲು ಕೊಡಬೇಕು ಅನ್ನುತ್ತದೆ. ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ: ನೋಂದಣಿ ಆಗಿಲ್ಲ ಅನ್ನುವ ಒಂದೇ ಕಾರಣಕ್ಕೆ ಮದುವೆ ಅಸಿಂಧು ಆಗುವುದಿಲ್ಲ. ನಮ್ಮಲ್ಲಿ ಇದು ತುಂಬಾ ಮುಖ್ಯ. ಕೊಡವರ ಮದುವೆಯಲ್ಲಿ ಎರಡೂ ಕಡೆಯ ಅರುವರು (ಮನೆತನದ ಪರವಾಗಿ ಮಾತಾಡುವವರು) ಎದುರುಬದುರು ನಿಂತು, ಹುಡುಗಿಯನ್ನು ಗಂಡಿನ ಒಕ್ಕಕ್ಕೆ, ಅಂದರೆ ಮನೆತನಕ್ಕೆ, ಸೇರಿಸುವ ಮಾತನ್ನು ಎಲ್ಲರ ಮುಂದೆ ಆಡುತ್ತಾರೆ. ಹಳೆಯ ತಲೆಮಾರಿಗೆ ಆ ಮಾತೇ ದಾಖಲೆ. ಕಾಗದ ಮಾಡಿಸಿದವರು ಕಡಿಮೆ. ನೋಂದಣಿಯೇ ಆಗಿರದಿದ್ದರೆ ನಕಲು ಎಲ್ಲಿಂದ ಬರಬೇಕು? ಅಂಥವರು ನಕಲಿಗೆ ಅಲೆಯುವುದನ್ನು ಬಿಟ್ಟು, ಈಗ ನೋಂದಣಿ ಮಾಡಿಸುವ ದಾರಿ ನೋಡಬೇಕು. ರಾಜ್ಯದ ನೋಂದಣಿ ಇಲಾಖೆಯ ಜಾಲತಾಣ ಕಾವೇರಿ 2.0ರಲ್ಲಿ ಹಿಂದೂ ವಿವಾಹ ನೋಂದಣಿಗೆ 2024ರಿಂದ ಮನೆಯಿಂದಲೇ ಅರ್ಜಿ ಹಾಕಬಹುದು.

ವಿಶೇಷ ವಿವಾಹ ಕಾಯ್ದೆ, 1954ರ ಪ್ರಕಾರ ಆದ ಮದುವೆಗೆ ಪುಸ್ತಕವೇ ಬೇರೆ. ಅದು ವಿವಾಹಾಧಿಕಾರಿಯ ಹತ್ತಿರ ಇರುತ್ತದೆ. ನಕಲಿನ ಹಕ್ಕು 47ನೇ ಕಲಮಿನಲ್ಲಿದೆ. ಕ್ರೈಸ್ತರ ಮದುವೆಗೆ 1872ರ ಕಾಯ್ದೆ. ಅಲ್ಲಿ ಮೊದಲು ಕೇಳಬೇಕಾದದ್ದು ಮದುವೆ ನಡೆದ ಚರ್ಚಿನಲ್ಲೇ. 79ನೇ ಕಲಮಿನ ಪ್ರಕಾರ ರಿಜಿಸ್ಟರ್ ಇಟ್ಟುಕೊಂಡವರು ಶುಲ್ಕ ತೆಗೆದುಕೊಂಡು ಹುಡುಕಲು ಬಿಡಬೇಕು, ಸಹಿ ಮಾಡಿದ ನಕಲು ಕೊಡಬೇಕು. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚು 1792ರದು. ಅಷ್ಟು ಹಳೆಯ ಚರ್ಚುಗಳಿರುವ ಊರಲ್ಲಿ ಮನೆತನದ ಚರಿತ್ರೆ ಹುಡುಕುವವರೂ ಈ ಕಲಮನ್ನು ತಿಳಿದಿರಬೇಕು. ಬ್ರಿಟಿಷ್ ಕಾಲದ ತೋಟದ ದೊರೆಗಳ ಮದುವೆ ಹುಡುಕುವವರು ಲಂಡನ್ನಿನ ಬ್ರಿಟಿಷ್ ಲೈಬ್ರರಿಯನ್ನೂ ನೋಡಬೇಕು. ಭಾರತದ ಚರ್ಚುಗಳಿಂದ ಹೋದ ಪ್ರತಿಗಳು ಅಲ್ಲಿನ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಮುಸ್ಲಿಮರ ನಿಕಾಹ್ ಆಗಿದ್ದರೆ ಮೊದಲು ಆಯಾ ಜಮಾತಿನ ಪುಸ್ತಕ ನೋಡಿ.

ಇನ್ನು ಹುಡುಕುವ ಕೆಲಸ. ನಾವು ಎಡವಿದ್ದು ಇಲ್ಲೇ. ನೋಂದಣಿ ಸಂಖ್ಯೆ ಗೊತ್ತಿಲ್ಲದಿದ್ದರೆ ವರ್ಷ ಮತ್ತು ಹೆಸರು ಹಿಡಿದು ಹುಡುಕಬೇಕು. ನಾವು ಅರ್ಜಿಯಲ್ಲಿ ದೊಡ್ಡಮ್ಮನ ಹೆಸರಿನ ಮುಂದೆ ದೊಡ್ಡಪ್ಪನ ಮನೆ ಹೆಸರು ಬರೆದಿದ್ದೆವು. ಐವತ್ತು ವರ್ಷದಿಂದ ಅವರನ್ನು ಎಲ್ಲರೂ ಹಾಗೇ ಕರೆಯುತ್ತಿದ್ದದ್ದು. ಎರಡು ಸಲ ನೋಂದಣಿ ಕಚೇರಿಗೆ ಹೋದರೂ 'ಸಿಗಲಿಲ್ಲ' ಅನ್ನುವ ಉತ್ತರವೇ. ಮೂರನೇ ಸಲ ದೊಡ್ಡಮ್ಮನೇ ಅಂದರು, 'ಅಲ್ಲ ಮಗ, ಆ ದಿನ ನಾನಿನ್ನೂ ನಮ್ಮಪ್ಪನ ಮನೆಯವಳೇ ಅಲ್ವಾ?' ತವರಿನ ಒಕ್ಕದ ಹೆಸರು ಬರೆದುಕೊಟ್ಟೆವು. ಅರ್ಧ ಗಂಟೆಯಲ್ಲಿ ಪುಟ ಸಿಕ್ಕಿತು. ಒಕ್ಕದ ಹೆಸರು ಪೂರ್ತಿ ಇರಬಹುದು, ಒಂದೇ ಇನಿಶಿಯಲ್ ಇರಬಹುದು. ಎರಡನ್ನೂ ಬರೆದುಕೊಂಡು ಹೋಗಿ. ಮದುವೆ ಗೋಣಿಕೊಪ್ಪದಲ್ಲಿ ನಡೆದು, ನೋಂದಣಿ ಮೈಸೂರಲ್ಲೋ ಬೆಂಗಳೂರಲ್ಲೋ ಆಗಿರಬಹುದು. ಅದನ್ನೂ ಹಿರಿಯರ ಹತ್ತಿರ ಕೇಳಿಕೊಳ್ಳಿ.

ಜೆರಾಕ್ಸ್ ಬೇರೆ, ದೃಢೀಕೃತ ನಕಲು ಬೇರೆ. ಅಧಿಕಾರಿಯ ಸಹಿ, ಸೀಲು, ತಾರೀಖು, 'ಇದು ಮೂಲದ ಸರಿಯಾದ ನಕಲು' ಅನ್ನುವ ಒಕ್ಕಣೆ ಇದ್ದರೆ ಮಾತ್ರ ಕೋರ್ಟಿನಲ್ಲಿ ನಿಲ್ಲುತ್ತದೆ. ಮೊದಲು ಇದು ಹಳೆಯ ಸಾಕ್ಷ್ಯ ಅಧಿನಿಯಮದ 76ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 75ನೇ ಕಲಮು. ವಿದೇಶಕ್ಕೆ ಬೇಕಾದರೆ ಇದರ ಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ (ಬೇರೆ ದೇಶಗಳು ಒಪ್ಪುವಂಥ ದೃಢೀಕರಣ ಮುದ್ರೆ) ಕೂಡ ಬೇಕಾಗಬಹುದು.

ನಕಲು ಕೈಗೆ ಬಂದ ಕೂಡಲೇ ಕೌಂಟರ್ ಹತ್ತಿರವೇ ನಿಂತು ಒಂದೊಂದು ಅಕ್ಷರ ಓದಿ. ನಕಲು ಮಾಡುವಾಗ ತಪ್ಪಿದ್ದರೆ ಅಲ್ಲೇ ಸರಿ ಮಾಡಿಕೊಡುತ್ತಾರೆ. ತಪ್ಪು ಮೂಲ ಪುಸ್ತಕದಲ್ಲೇ ಇದ್ದರೆ ನಕಲಿನಲ್ಲೂ ಹಾಗೇ ಬರುತ್ತದೆ. ಅದನ್ನು ತಿದ್ದಿಸಲು ಬೇರೆಯೇ ಅರ್ಜಿ ಕೊಡಬೇಕು.