ನೀರು ಹಾಕಿದರೂ ಪೇರಲ ಗಿಡ ಬಾಡುತ್ತಿದೆ, ಯಾಕೆ?

ಪ್ರಶ್ನೆ: ಕಲಬುರಗಿಯ ನಮ್ಮ ಮನೆ ಹಿತ್ತಲಿನಲ್ಲಿ ಐದು ವರ್ಷದ ಪೇರಲ ಗಿಡವಿದೆ. ಮಳೆಗಾಲ ಮುಗಿಯುತ್ತಿದ್ದಂತೆ ಒಂದು ಕಡೆಯ ಟೊಂಗೆಗಳು ಬಾಡತೊಡಗಿವೆ. ದಿನಾ ನೀರು ಹಾಕುತ್ತಿದ್ದೇನೆ. ಇದು ನೀರಿನ ಕೊರತೆಯೋ, ರೋಗವೋ?

ಉತ್ತರ: ಮೊದಲು ನೀರು ಹಾಕುವುದನ್ನು ನಿಲ್ಲಿಸಿ. ನೆಲ ಹಸಿಯಿದ್ದೂ ಗಿಡ ಬಾಡುತ್ತಿದೆ ಅಂದರೆ ನೀರು ಕಡಿಮೆಯಾಗಿಲ್ಲ, ಅದು ಮೇಲೆ ಹತ್ತುವ ದಾರಿ ಕೆಟ್ಟಿದೆ.

ತೊಗರಿಯ ನೆಟೆ ರೋಗ ನೋಡದವರು ನಮ್ಮ ಭಾಗದಲ್ಲಿ ಯಾರಿದ್ದಾರೆ? 2022ರ ಹಂಗಾಮಿನಲ್ಲಿ ಕಾಯಿ ಕಟ್ಟುವ ಹೊತ್ತಿಗೆ ಬೆಳೆ ನಿಂತಲ್ಲೇ ಒಣಗಿತ್ತು. ನಿಮ್ಮ ಪೇರಲಕ್ಕೆ ಬಂದಿರುವುದೂ ಅದೇ ಬಗೆಯ ಸೊರಗು ರೋಗ ಇರಬಹುದು. ಫ್ಯುಸೇರಿಯಂ ಎಂಬ ಶಿಲೀಂಧ್ರ ಮಣ್ಣಿನಿಂದ ಬೇರಿಗೆ ಹೊಕ್ಕು, ಒಳಗಿನ ನೀರಿನ ಕೊಳವೆಗಳಲ್ಲಿ ಬೆಳೆದು ಅವನ್ನು ಮುಚ್ಚಿಬಿಡುತ್ತದೆ. ಹಾಗಂತ ತೊಗರಿ ಹೊಲದ ರೋಗ ಪೇರಲಕ್ಕೆ ಅಂಟಿತು ಅಂದುಕೊಳ್ಳಬೇಡಿ. ಎರಡಕ್ಕೂ ಕಾಡುವ ಫ್ಯುಸೇರಿಯಂ ಬೇರೆ ಬೇರೆ.

ಬರೀ ಬಾಯಾರಿದ ಗಿಡ ಮಧ್ಯಾಹ್ನದ ಬಿಸಿಲಿಗೆ ಜೋತು ಬಿದ್ದು, ಬೆಳಿಗ್ಗೆ ಮತ್ತೆ ಎದ್ದು ನಿಲ್ಲುತ್ತದೆ. ಬಾಡಿದರೂ ಇಡೀ ಗಿಡ ಒಟ್ಟಿಗೆ ಬಾಡುತ್ತದೆ. ಸೊರಗು ರೋಗ ಹಾಗಲ್ಲ. ಹೆಚ್ಚಾಗಿ ಒಂದು ಟೊಂಗೆ, ಒಂದು ಮಗ್ಗುಲು ಹಳದಿಯಾಗಿ ಒಣಗುತ್ತಾ ಹೋಗುತ್ತದೆ. ಮಳೆಗಾಲದ ಕೊನೆಯಲ್ಲಿ ಕಾಣಿಸಿಕೊಳ್ಳುವುದು ಪೇರಲದ ಸೊರಗಿನ ರೂಢಿ. ನಮ್ಮ ಎರೆ ಮಣ್ಣಿನಲ್ಲಿ ನೀರು ಬೇಗ ಇಂಗುವುದಿಲ್ಲ, ಮಣ್ಣು ಸ್ವಲ್ಪ ಕ್ಷಾರವೂ ಹೌದು. ಎರಡೂ ಈ ರೋಗಕ್ಕೆ ಅನುಕೂಲ.

ಎಲೆ ನೋಡಿ ತೀರ್ಮಾನ ಮಾಡಬೇಡಿ, ಒಳಗೆ ನೋಡಿ. ಬಾಡುತ್ತಿರುವ ಆದರೆ ಇನ್ನೂ ಹಸಿ ಇರುವ ಟೊಂಗೆಯ ಬುಡದಲ್ಲಿ ತೊಗಟೆ ಕೆರೆಯಿರಿ. ಬುಡದ ಮಣ್ಣು ಸರಿಸಿ ಒಂದು ಬೇರನ್ನೂ ಹಾಗೆಯೇ ನೋಡಿ. ಆರೋಗ್ಯವಾಗಿದ್ದರೆ ಒಳಗಿನ ಕಟ್ಟಿಗೆ ಕೆನೆ ಬಣ್ಣ. ರೋಗವಿದ್ದರೆ ಕಂದು ಗೆರೆಗಳು. ಬೇರು ಮೆತ್ತಗಾಗಿ ನಾರುತ್ತಿದ್ದರೆ ನೀರು ನಿಂತು ಕೊಳೆತಿದೆ ಎಂದರ್ಥ. ಎರಡೂ ಸೇರಿ ಬರುವುದುಂಟು.

ಹಿತ್ತಲಿನ ಟೊಮೆಟೊ, ಬದನೆ ಬಾಡಿದರೆ ಪರೀಕ್ಷೆ ಬೇರೆ: ಕಾಂಡದ ತುಂಡನ್ನು ಗಾಜಿನ ಲೋಟದ ನೀರಿನಲ್ಲಿ ಇಳಿಬಿಡಿ. ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾದ ಕೆಲಸ, ಶಿಲೀಂಧ್ರದ್ದಲ್ಲ.

ಪೂರ್ತಿ ಒಣಗಿದ ಗಿಡವನ್ನು ಯಾವ ಔಷಧಿಯೂ ಎಬ್ಬಿಸುವುದಿಲ್ಲ. ಸುಮ್ನೆ ದುಡ್ಡು ಸುರಿಯಬೇಡಿ. ಬೇರು ಸಮೇತ ಕಿತ್ತು ಸುಡಿ, ತಿಪ್ಪೆಗೆ ಹಾಕಬೇಡಿ. ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಅದೇ ಗುಂಡಿಯಲ್ಲಿ ಮತ್ತೆ ಪೇರಲ ಬೇಡ. ತೊಗರಿಗಾದರೆ 1986ರಲ್ಲಿ ಬಂದ ಮಾರುತಿಯಂಥ ನೆಟೆ ತಡೆಯುವ ತಳಿಗಳಿವೆ. ಹಿತ್ತಲ ಪೇರಲಕ್ಕೆ ಅಷ್ಟು ಸುಲಭದ ದಾರಿಯಿಲ್ಲ. ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಕಳಿತ ಸಗಣಿ ಗೊಬ್ಬರದಲ್ಲಿ ಬೆರೆಸಿ ಬುಡಕ್ಕೆ ಹಾಕಬಹುದು. ಆದರೆ ಅದು ರೋಗ ಬರುವ ಮೊದಲು ಕಾಯುವಂಥದ್ದು.

ನಿಮ್ಮದು ಇನ್ನೂ ಅರ್ಧ ಹಸಿರಿದೆ ಅಲ್ವಾ? ಒಣಗಿದ ಟೊಂಗೆ ಕತ್ತರಿಸಿ, ಬುಡದಲ್ಲಿ ನಿಂತ ನೀರು ಹರಿದು ಹೋಗುವಂತೆ ಕಾಲುವೆ ತೆಗೆಯಿರಿ. ಆಮೇಲೆ ಅರ್ಧ ಬಾಡಿದ ಟೊಂಗೆ, ಒಂದು ಬೇರು, ಒಂದು ಹಿಡಿ ಮಣ್ಣು ಕಟ್ಟಿಕೊಂಡು ಆಳಂದ ರಸ್ತೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಒಣಗಿದ ಎಲೆ ಮಾತ್ರ ಒಯ್ದರೆ ಅವರಿಗೆ ಏನೂ ಹೇಳಲು ಆಗುವುದಿಲ್ಲ.