ಎನ್‌ಪಿಎಂ ಲಿಂಕ್ ಮಾಡಿದರೆ ಎರಡೆರಡು ರಿಯಾಕ್ಟ್ ಯಾಕೆ?

ನಾವು ಬರೆಯುತ್ತಿರುವ ಪ್ಯಾಕೇಜನ್ನು ಪಬ್ಲಿಶ್ ಮಾಡದೆಯೇ ಇನ್ನೊಂದು ಆ್ಯಪ್‌ನಲ್ಲಿ ಓಡಿಸಿ ನೋಡಲು ಎನ್‌ಪಿಎಂನಲ್ಲಿ (ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳನ್ನು ತಂದು ಕೂರಿಸುವ ಟೂಲ್) ‘ಲಿಂಕ್’ ಎಂಬ ಕಮಾಂಡ್ ಇದೆ. ಪ್ಯಾಕೇಜಿನ ಫೋಲ್ಡರ್‌ನಲ್ಲಿ ಒಮ್ಮೆ ‘ಎನ್‌ಪಿಎಂ ಲಿಂಕ್’, ಆಮೇಲೆ ಆ್ಯಪ್‌ನ ಫೋಲ್ಡರ್‌ನಲ್ಲಿ ಅದೇ ಕಮಾಂಡ್, ಪಕ್ಕದಲ್ಲಿ ಪ್ಯಾಕೇಜಿನ ಹೆಸರು. ಪ್ಯಾಕೇಜ್ ಡಾಟ್ ಜೇಸನ್‌ನಲ್ಲಿರುವ ಹೆಸರು, ಫೋಲ್ಡರಿನದಲ್ಲ.

ತಲೆ ಕೆಡಿಸುವುದು ರಿಯಾಕ್ಟ್, ಅಂದರೆ ಯುಐ ಕಟ್ಟುವ ಲೈಬ್ರರಿ. ಲಿಂಕ್ ಮಾಡಿದ ಕೂಡಲೇ ‘ಇನ್‌ವ್ಯಾಲಿಡ್ ಹುಕ್ ಕಾಲ್’ ಎರರ್ (ಹುಕ್ ಎಂದರೆ ರಿಯಾಕ್ಟ್ ಕೊಡುವ ವಿಶೇಷ ಫಂಕ್ಷನ್). ಕೋಡ್ ನೋಡಿದರೆ ಸರಿಯಾಗೇ ಇದೆ!

ಆ್ಯಪ್ ಇರುವುದು ‘ಕೆಲಸ/ಅಂಗಡಿ’ಯಲ್ಲಿ, ಪ್ಯಾಕೇಜ್ ‘ಕೆಲಸ/ಬಟನ್’ನಲ್ಲಿ ಎಂದುಕೊಳ್ಳಿ. ಲಿಂಕ್ ಆದ ಮೇಲೆ ಬಟನ್, ಅಂಗಡಿಯ ನೋಡ್_ಮಾಡ್ಯೂಲ್ಸ್ (ಇನ್‌ಸ್ಟಾಲ್ ಆದ ಪ್ಯಾಕೇಜ್‌ಗಳಿರುವ ಫೋಲ್ಡರ್) ಒಳಗೆ ಕಾಣುತ್ತದೆ. ಹಾಗಾದರೆ ಪಕ್ಕದಲ್ಲೇ ಇರುವ ಅಂಗಡಿಯ ರಿಯಾಕ್ಟ್ ಅದಕ್ಕೆ ಸಿಗಬೇಕು, ಅಲ್ವಾ? ಸಿಗುವುದಿಲ್ಲ. ಅಲ್ಲಿರುವುದು ಬರೀ ಸಿಮ್‌ಲಿಂಕ್, ನಿಜವಾದ ಫೋಲ್ಡರ್ ಕಡೆಗೆ ಕೈ ತೋರಿಸುವ ಗುರುತು. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಮೊದಲು ಆ ಫೈಲಿನ ನಿಜವಾದ ಪಾತ್ ಹುಡುಕಿಕೊಳ್ಳುತ್ತದೆ: ‘ಕೆಲಸ/ಬಟನ್’. ರಿಯಾಕ್ಟ್ ಹುಡುಕಾಟ ಶುರುವಾಗುವುದು ಅಲ್ಲಿಂದ. ಮೊದಲು ಬಟನ್‌ನ ನೋಡ್_ಮಾಡ್ಯೂಲ್ಸ್, ಇಲ್ಲದಿದ್ದರೆ ‘ಕೆಲಸ’ದ್ದು, ಹೀಗೆ ಮೇಲಕ್ಕೆ. ಈ ದಾರಿಯಲ್ಲಿ ಅಂಗಡಿ ಬರುವುದೇ ಇಲ್ಲ. ಟೆಸ್ಟ್‌ಗೆಂದು ಬಟನ್‌ನಲ್ಲಿ ಹಾಕಿಕೊಂಡ ರಿಯಾಕ್ಟ್ ಸಿಕ್ಕಿಬಿಡುತ್ತದೆ. ಕೋಡನ್ನು ಬ್ರೌಸರ್‌ಗೆ ಸಿದ್ಧಪಡಿಸುವ ವೆಬ್‌ಪ್ಯಾಕ್, ವೀಟ್ ಕೂಡ ಡೀಫಾಲ್ಟ್ ಆಗಿ ಹೀಗೇ ಹುಡುಕುತ್ತವೆ.

ಎರಡರ ವರ್ಶನ್ ಒಂದೇ ಇದ್ದರೂ ಪ್ರಯೋಜನವಿಲ್ಲ. ಪಾತ್ ಬೇರೆಯಾದರೆ ಮಾಡ್ಯೂಲೂ ಬೇರೆ. ಯುಐಯನ್ನು ಪುಟದ ಮೇಲೆ ಮೂಡಿಸುವ ರಿಯಾಕ್ಟ್ ಡಾಮ್, ಹುಕ್‌ಗಳಿಗೆಂದು ತಯಾರು ಮಾಡಿಡುವುದು ಅಂಗಡಿಯ ಪ್ರತಿಯನ್ನು. ಬಟನ್ ಕರೆಯುವುದು ತನ್ನದನ್ನು. ಅದಕ್ಕೇ ಆ ಎರರ್. ಬಟನ್‌ನಲ್ಲಿ ರಿಯಾಕ್ಟನ್ನು ಪಿಯರ್ ಡಿಪೆಂಡೆನ್ಸಿ (ಆ್ಯಪ್‌ನಲ್ಲಿರುವುದನ್ನೇ ಬಳಸುತ್ತೇನೆ ಎಂಬ ಸೂಚನೆ) ಎಂದು ಬರೆದಿದ್ದರೂ ಅಷ್ಟೇ, ಅದರ ಮಾತು ನಡೆಯುವುದು ಇನ್‌ಸ್ಟಾಲ್ ಹೊತ್ತಿನಲ್ಲಿ ಮಾತ್ರ.

ಪರಿಹಾರ ಉಲ್ಟಾ ಲಿಂಕ್. ಬಟನ್ ಫೋಲ್ಡರ್‌ನಲ್ಲಿ ನಿಂತು ‘ಎನ್‌ಪಿಎಂ ಲಿಂಕ್ ../ಅಂಗಡಿ/ನೋಡ್_ಮಾಡ್ಯೂಲ್ಸ್/ರಿಯಾಕ್ಟ್’. ವೀಟ್ ಬಳಸುವವರು ‘ರಿಸಾಲ್ವ್ ಡಾಟ್ ಡಿಡ್ಯೂಪ್’ನಲ್ಲಿ ರಿಯಾಕ್ಟ್ ಸೇರಿಸಿದರೂ ಸಾಕು.

ನನಗಿಷ್ಟದ ಶಾರ್ಟ್‌ಕಟ್: ಅಂಗಡಿಯಿಂದಲೇ ‘ಎನ್‌ಪಿಎಂ ಲಿಂಕ್ ../ಬಟನ್’. ಎರಡೂ ಹೆಜ್ಜೆ ಒಂದರಲ್ಲೇ ಮುಗಿಯುತ್ತದೆ. ಬರೀ ಹೆಸರು ಕೊಟ್ಟರೆ ಒಂದು ಅಪಾಯವಿದೆ. ಎನ್‌ವಿಎಂನಲ್ಲಿ (ನೋಡ್ ವರ್ಶನ್‌ಗಳನ್ನು ಬದಲಿಸುವ ಟೂಲ್) ನೋಡ್ ವರ್ಶನ್ ಬದಲಿಸಿದರೆ, ಮೊದಲ ಹೆಜ್ಜೆಯ ಲಿಂಕ್ ಕೂರುವ ಗ್ಲೋಬಲ್ ಫೋಲ್ಡರ್ ಕೂಡ ಬದಲಾಗುತ್ತದೆ. ಹಳೆಯ ಲಿಂಕ್ ಅಲ್ಲಿ ಇರುವುದಿಲ್ಲ. ಆಗ ಎನ್‌ಪಿಎಂ ಸುಮ್ನೆ ರಿಜಿಸ್ಟ್ರಿಯಿಂದ (ಪಬ್ಲಿಶ್ ಆದ ಪ್ಯಾಕೇಜ್‌ಗಳ ಆನ್‌ಲೈನ್ ಭಂಡಾರ) ಅದೇ ಹೆಸರಿನ ಪ್ಯಾಕೇಜ್ ತಂದು ಕೂರಿಸುತ್ತದೆ.

ಎನ್‌ಪಿಎಂ 7ರಿಂದ ಈಚೆಗೆ ‘ಎನ್‌ಪಿಎಂ ಇನ್‌ಸ್ಟಾಲ್’ ಕೊಟ್ಟರೆ ಲಿಂಕ್ ಹೋಗುತ್ತದೆ. ಎರಡು ಪ್ಯಾಕೇಜ್ ಬೇಕಿದ್ದರೆ ಒಂದೇ ಕಮಾಂಡ್‌ನಲ್ಲಿ ಲಿಂಕ್ ಮಾಡಿ, ಇಲ್ಲವೆಂದರೆ ಎರಡನೆಯದು ಮೊದಲನೆಯದನ್ನು ಕಿತ್ತುಹಾಕುತ್ತದೆ. ಎಲ್ಲವೂ ಒಂದೇ ರೆಪೊದಲ್ಲಿದ್ದರೆ ಈ ರಗಳೆಯೇ ಬೇಡ, ಒಂದೇ ರೆಪೊದ ಪ್ಯಾಕೇಜ್‌ಗಳನ್ನು ತಾನೇ ಜೋಡಿಸುವ ಎನ್‌ಪಿಎಂ ವರ್ಕ್‌ಸ್ಪೇಸ್ ಬಳಸಿ.

ಪಬ್ಲಿಶ್‌ಗೆ ಮುಂಚೆ ಮಾತ್ರ ‘ಎನ್‌ಪಿಎಂ ಪ್ಯಾಕ್’ ಮಾಡಿ, ಆ ಟಾರ್ ಫೈಲನ್ನು ಇನ್‌ಸ್ಟಾಲ್ ಮಾಡಿ ನೋಡಿ. ಲಿಂಕ್‌ನಲ್ಲಿ ಇಡೀ ಫೋಲ್ಡರ್ ಕಾಣುವುದರಿಂದ, ಪ್ಯಾಕೇಜ್ ಡಾಟ್ ಜೇಸನ್‌ನ ‘ಫೈಲ್ಸ್’ ಪಟ್ಟಿಯಲ್ಲಿ (ಪಬ್ಲಿಶ್ ಆಗಬೇಕಾದ ಫೈಲ್‌ಗಳ ಪಟ್ಟಿ) ಬಿಟ್ಟುಹೋದದ್ದು ಗೊತ್ತಾಗುವುದಿಲ್ಲ.