ಸಂತರ ಕುರಿ, ಊರವರ ಲೆಕ್ಕ

ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಮೋರ್‌ಬಾತ್ ಅನ್ನೋ ಸಣ್ಣ ಹಳ್ಳಿಯಿದೆ. 1520ರ ದಶಕದಲ್ಲಿ ಅಲ್ಲಿನ ಸಂತರಿಗೂ ಕುರಿಗಳಿದ್ದವು. ಮಾತೆ ಮರಿಯಮ್ಮನವರ ಹೆಸರಲ್ಲಿ ಒಂದಷ್ಟು, ಸಂತ ಅಂತೋಣಿಯವರ ಹೆಸರಲ್ಲಿ ಒಂದಷ್ಟು. ಊರವರು ತಮ್ಮ ಮಂದೆಯ ಜೊತೆಗೇ ಇವನ್ನೂ ಮೇಯಿಸುತ್ತಿದ್ದರು. ಉಣ್ಣೆ ಮಾರಿದ ದುಡ್ಡು ಆಯಾ ಸಂತರ ಸ್ವರೂಪದ (ಪ್ರತಿಮೆಯ) ಮುಂದೆ ಉರಿಯುವ ಮೇಣದಬತ್ತಿಗೆ ಹೋಗುತ್ತಿತ್ತು. ಕುರಿ ಸತ್ತರೆ ಅದೂ ಲೆಕ್ಕಕ್ಕೆ ಬರಬೇಕು.

16ನೇ ಶತಮಾನದಲ್ಲಿ ಪ್ರೊಟೆಸ್ಟಂಟರು ಕ್ಯಾಥೊಲಿಕ್ ಚರ್ಚಿನಿಂದ ಬೇರೆಯಾದ ಧರ್ಮಸುಧಾರಣೆಯ ಕಾಲದ ಪಾಠವನ್ನು ನಾನು ಅದಕ್ಕೆ ನಾಂದಿ ಹಾಡಿದ ಲೂಥರನಿಂದ ಶುರು ಮಾಡುವುದಿಲ್ಲ, ಈ ಕುರಿಗಳಿಂದ ಶುರು ಮಾಡುತ್ತೇನೆ. ದೇವಶಾಸ್ತ್ರಿಗಳ ವಾದ ಓದಿದರೆ ದೇವಶಾಸ್ತ್ರಿಗಳು ಏನು ನಂಬಿದ್ದರು ಅಂತ ಗೊತ್ತಾಗುತ್ತದೆ. ಉಳುವವನು, ಕುರಿ ಕಾಯುವವನು, ವಿಧವೆ ಯಾವುದಕ್ಕೆ ಕೈಯಿಂದ ದುಡ್ಡು ಬಿಚ್ಚಿದರು ಅಂತ ತಿಳಿಯಬೇಕಾದರೆ ಚರ್ಚಿನ ಜಮಾ-ಖರ್ಚು ನೋಡಬೇಕು.

ಮೋರ್‌ಬಾತಿನಲ್ಲಿ ಇದ್ದದ್ದು ಸುಮಾರು 33 ಮನೆ. ಅದರ ವಿಚಾರಣಾ ಗುರು, ಅಂದರೆ ಊರ ಚರ್ಚಿನ ಪಾದ್ರಿ, ಕ್ರಿಸ್ಟೊಫರ್ ಟ್ರಿಕಿ 1520ರಲ್ಲಿ ಅಲ್ಲಿಗೆ ಬಂದವರು, 1574ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಲೆಕ್ಕದ ಪುಸ್ತಕವನ್ನು ಅವರೇ ಬರೆದರು. ಲ್ಯಾಟಿನ್‌ನಲ್ಲಿ ಅಲ್ಲ, ಊರವರ ಇಂಗ್ಲಿಷಿನಲ್ಲಿ. ಯಾಕಂದರೆ ಅದನ್ನು ಊರವರ ಮುಂದೆ ಗಟ್ಟಿಯಾಗಿ ಓದಬೇಕಿತ್ತು. ಹಾಗಾಗಿ ಈ ಲೆಕ್ಕದಲ್ಲಿ ಮಾತಿನ ಧಾಟಿ ಇದೆ, ನಡುನಡುವೆ ಉಪದೇಶವೂ ಇದೆ.

ಆ ಚರ್ಚಿನಲ್ಲಿ ದುಡ್ಡು ಒಂದೇ ಪೆಟ್ಟಿಗೆಯಲ್ಲಿ ಇರಲಿಲ್ಲ. ಮದುವೆಯಾಗದ ಹುಡುಗರದ್ದೊಂದು ನಿಧಿ, ಹುಡುಗಿಯರದ್ದು ಇನ್ನೊಂದು, ಸಂತರದ್ದು ಬೇರೆ ಬೇರೆ. ಒಂದೊಂದಕ್ಕೂ ಅದನ್ನು ನೋಡಿಕೊಳ್ಳುವ ವಾರ್ಡನ್‌ಗಳು. ಮುಖ್ಯ ವಾರ್ಡನ್ ಕೆಲಸ ಮನೆಮನೆಗೆ ಸರದಿಯಲ್ಲಿ ಬರುತ್ತಿತ್ತು. ಮನೆಯ ಯಜಮಾನಿ ವಿಧವೆಯಾಗಿದ್ದರೆ ಅವಳೇ ಹೊಣೆ ಹೊರುತ್ತಿದ್ದಳು. ಖರ್ಚು ತೂಗಿಸಲು ಚರ್ಚಿನ ವತಿಯಿಂದಲೇ ಬಿಯರ್ ಮಾಡಿ, ಊರೂಟ ಇಟ್ಟು, ಮಾರುತ್ತಿದ್ದರು. ಈಗಿನ ಭಕ್ತರಿಗೆ ಇದು ಸ್ವಲ್ಪ ಇರುಸುಮುರುಸು ಅನ್ನಿಸಬಹುದು. ಚರ್ಚಿನ ಆದಾಯದಲ್ಲಿ ಇದೇ ದೊಡ್ಡ ಪಾಲು.

ಟ್ರಿಕಿ ಬಂದ ಹೊಸದರಲ್ಲೇ ಸಂತ ಸಿಡ್ವೆಲ್ ಎಂಬಾಕೆಯ ಸ್ವರೂಪವನ್ನು ಚರ್ಚಿನಲ್ಲಿ ಇರಿಸಿದರು. ಈಕೆ ಹತ್ತಿರದ ಎಕ್ಸಿಟರ್ ಪಟ್ಟಣದ ಸಂತೆ. ಕುಡುಗೋಲಿಗೆ ಬಲಿಯಾದ ಕನ್ಯೆ ಅಂತ ಕತೆ. ಊರವರಿಗೆ ಆಕೆ ನಿಧಾನವಾಗಿ ಹತ್ತಿರವಾದಳು. ಹೆಂಗಸರು ಸಾಯುವಾಗ ತಮ್ಮ ಜಪಸರವನ್ನು ಆಕೆಗೆ ಬಿಟ್ಟು ಹೋದರು. ಹೆಣ್ಣುಮಕ್ಕಳಿಗೆ ಸಿಡ್ವೆಲ್ ಅಂತ ಹೆಸರಿಟ್ಟರು. ಹೊಸ ಗುರು ತಂದ ಭಕ್ತಿ ಊರಿನದ್ದೇ ಆಯಿತು ಅನ್ನುವುದಕ್ಕೆ ಹೆಸರಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಟ್ರಿಕಿಗೆ ಇನ್ನೊಂದು ಆಸೆಯಿತ್ತು. ಸತ್ತವರಿಗಾಗಿ ಅರ್ಪಿಸುವ ಬಲಿಪೂಜೆಗೆ (ಮಾಸ್) ಗುರುಗಳು ತೊಡುವ ಕಪ್ಪು ಪೂಜಾವಸ್ತ್ರ ಬೇಕು. ಸತ್ತವರ ಆತ್ಮ ಸ್ವರ್ಗಕ್ಕೆ ಹೋಗುವ ಮೊದಲು ಶುದ್ಧೀಕರಣ ಸ್ಥಳದಲ್ಲಿರುತ್ತದೆ, ಬದುಕಿರುವವರ ಪ್ರಾರ್ಥನೆ ಅವರಿಗೆ ತಲುಪುತ್ತದೆ ಅನ್ನೋದು ಅಂದಿನ ಭಕ್ತಿಯ ಬೇರು. ಚರ್ಚಿಗೆ ಕೊಟ್ಟು ಹೋದವರ ಹೆಸರುಗಳನ್ನು ಪೂಜೆಯಲ್ಲಿ ಓದುತ್ತಿದ್ದರು. ಆ ವಸ್ತ್ರಕ್ಕಾಗಿ ಟ್ರಿಕಿ ಎರಡು ದಶಕ ಚಿಲ್ಲರೆ ಚಿಲ್ಲರೆಯಾಗಿ ದುಡ್ಡು ಕೂಡಿಸಿದರು. ಕೈಗೆ ಬಂದದ್ದು 1547ರಲ್ಲಿ. ಅದೇ ವರ್ಷ ಒಂಬತ್ತು ವರ್ಷದ ಹುಡುಗ ಆರನೇ ಎಡ್ವರ್ಡ್ ರಾಜನಾದ. ಅವನ ಆಡಳಿತ ಶುದ್ಧೀಕರಣ ಸ್ಥಳವೇ ಸುಳ್ಳು ಅಂದಿತು.

ಪೆಟ್ಟು ಅದಕ್ಕೂ ಮೊದಲೇ ಬಿದ್ದಿತ್ತು. 1538ರಲ್ಲಿ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಸಂತರ ಸ್ವರೂಪಗಳ ಮುಂದೆ ದೀಪ ಹಚ್ಚಬಾರದು ಅಂತ ಆಜ್ಞೆ ಹೊರಡಿಸಿದ್ದ. ಓದುವಾಗ ಸಣ್ಣ ನಿಯಮ ಅನ್ನಿಸುತ್ತದೆ, ಅಲ್ವಾ? ಆದರೆ ದೀಪವಿಲ್ಲದಿದ್ದರೆ ಮೇಣ ಬೇಡ, ಮೇಣ ಬೇಡವಾದರೆ ನಿಧಿ ಬೇಡ, ನಿಧಿ ಇಲ್ಲದ ಮೇಲೆ ಹುಡುಗ ಹುಡುಗಿಯರಿಗೆ ಚರ್ಚಿನಲ್ಲಿ ಹೊಣೆಯೇ ಇಲ್ಲ. ನಿಧಿಗಳು ಒಂದೊಂದಾಗಿ ಮುಚ್ಚಿದವು. ಎಡ್ವರ್ಡ್ ಕಾಲಕ್ಕೆ ಕುರಿಗಳೂ ಹೋದವು, ಬಿಯರ್ ಊಟವೂ ನಿಂತಿತು. 1548ರಲ್ಲಿ ಬೂದಿ ಬುಧವಾರ ಹಣೆಗೆ ಹಚ್ಚುವ ಬೂದಿ, ಗರಿಗಳ ಭಾನುವಾರ ಕೈಯಲ್ಲಿ ಹಿಡಿಯುವ ಗರಿ ಎರಡನ್ನೂ ನಿಷೇಧಿಸಿದರು. ನಂಬಿಕೆಯ ಬಗ್ಗೆ ಯಾರ ಮನಸ್ಸೂ ಇನ್ನೂ ಬದಲಾಗಿರದಿದ್ದರೂ, ಊರು ಸೇರಿ ಮಾಡುವ ಕೆಲಸಗಳು ಕೈಜಾರಿ ಹೋಗಿದ್ದವು. ನನ್ನ ಮಟ್ಟಿಗೆ ಸುಧಾರಣೆಯ ನಿಜವಾದ ಹೊಡೆತ ಇದೇ.

1549ರ ಜೂನ್‌ನಲ್ಲಿ ಲ್ಯಾಟಿನ್ ಪೂಜೆಯ ಬದಲು ಇಂಗ್ಲಿಷ್ ಪ್ರಾರ್ಥನಾ ಪುಸ್ತಕವನ್ನು ಕಡ್ಡಾಯ ಮಾಡಿದಾಗ ಡೆವನ್ ಮತ್ತು ಕಾರ್ನ್‌ವಾಲ್ ಸಿಡಿದೆದ್ದವು. ದಂಗೆಕೋರರು ಎಕ್ಸಿಟರ್‌ಗೆ ಮುತ್ತಿಗೆ ಹಾಕಿದರು. ಮೋರ್‌ಬಾತ್ ಲೆಕ್ಕದಲ್ಲಿ ಐದು ಮಂದಿ ಯುವಕರನ್ನು ಎಕ್ಸಿಟರ್ ಹೊರಗಿನ ಸೇಂಟ್ ಡೇವಿಡ್ಸ್ ಡೌನ್ ಶಿಬಿರಕ್ಕೆ ಕಳಿಸಿದ ಖರ್ಚು ಕಾಣಿಸುತ್ತದೆ. ಅದು ದಂಗೆಕೋರರ ಶಿಬಿರ. ಅಂಥ ಖರ್ಚನ್ನು ಚರ್ಚಿನ ಪುಸ್ತಕದಲ್ಲಿ ಬರೆದಿಡುವುದು ಹುಡುಗಾಟವಲ್ಲ. ಆಗಸ್ಟ್‌ನಲ್ಲಿ ಸರ್ಕಾರದ ಸೈನ್ಯ ದಂಗೆಯನ್ನು ಹೊಸಕಿ ಹಾಕಿತು, ಸಾವಿರಾರು ಜನ ಸತ್ತರು.

1553ರಲ್ಲಿ ಕ್ಯಾಥೊಲಿಕ್ ರಾಣಿ ಮೇರಿ ಬಂದಳು. ಆಗ ಊರವರು ಮನೆಗಳಲ್ಲಿ ಮುಚ್ಚಿಟ್ಟಿದ್ದ ಚರ್ಚಿನ ವಸ್ತುಗಳನ್ನು ಒಂದೊಂದಾಗಿ ವಾಪಸ್ ತಂದರು. ಯಾರು ಏನು ತಂದರು ಅಂತ ಟ್ರಿಕಿ ಖುಷಿಯಿಂದ ಪಟ್ಟಿ ಮಾಡಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಬರೆದವರು ಗುರುಗಳು, ಓದಿದವರೂ ಅವರೇ. ಊರಲ್ಲಿ ಹೊಸ ಧರ್ಮವನ್ನು ಒಳಗೊಳಗೇ ಮೆಚ್ಚಿದವರು ಇದ್ದಿದ್ದರೂ ಈ ಪುಟಗಳಲ್ಲಿ ಅವರ ದನಿ ಸಿಗುವುದು ಕಷ್ಟ. ಲಂಡನ್ನಿನಂಥ ಪೇಟೆಯ ಚರ್ಚುಗಳ ಕತೆಯೂ ಬೇರೆ; ಅಲ್ಲಿ ಹೊಸದನ್ನು ಬಯಸಿ ಮುಂದೆ ಬಂದವರು ಜಾಸ್ತಿ. ಮೋರ್‌ಬಾತನ್ನು ಇಡೀ ಇಂಗ್ಲೆಂಡಿಗೆ ಅಳತೆಗೋಲು ಮಾಡಬಾರದು.

1559ರಲ್ಲಿ, ಮೇರಿಯ ನಂತರ ಬಂದ ರಾಣಿ ಎಲಿಜಬೆತ್ ಮತ್ತೆ ಎಲ್ಲವನ್ನೂ ಪ್ರೊಟೆಸ್ಟಂಟ್ ದಾರಿಗೆ ತಂದಳು. ಟ್ರಿಕಿ ರಾಜೀನಾಮೆ ಕೊಡಲಿಲ್ಲ. ಬಲಿಪೀಠದ ಜಾಗಕ್ಕೆ ಮೇಜು ಬಂತು, ಅವರು ಹೊಸ ಪ್ರಾರ್ಥನಾ ಪುಸ್ತಕ ಓದಿದರು, ಲೆಕ್ಕ ಬರೆಯುವುದನ್ನು ಮುಂದುವರಿಸಿದರು. ‘ಹಾಗಾದ್ರೆ ಅವರು ಹೊಟ್ಟೆಪಾಡಿಗೆ ಬಣ್ಣ ಬದಲಿಸಿದರಾ ಸರ್?’ ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ಇರಬಹುದು. ನನಗೆ ಮಾತ್ರ ಅದು ತೀರ ಸುಲಭದ ಉತ್ತರ ಅನ್ನಿಸುತ್ತದೆ. ಅವರು ದೀಕ್ಷಾಸ್ನಾನ ಕೊಟ್ಟ ಮಕ್ಕಳೇ ಈಗ ಊರಿನ ಹಿರಿಯರು, ವಾರ್ಡನ್‌ಗಳು. ಅವರ ಅಪ್ಪ ಅಮ್ಮಂದಿರನ್ನು ಮಣ್ಣು ಮಾಡಿದವರೂ ಟ್ರಿಕಿಯೇ. ಈ ಜನರನ್ನು ಬಿಟ್ಟು ಹೋಗುವುದಾದರೆ ಹೋಗುವುದಾದರೂ ಎಲ್ಲಿಗೆ?